ನಮ್ಮೂರ ಪದವಿ ಕಾಲೇಜಿಗೆ ಹಳೆಯ ವಿದ್ಯಾರ್ಥಿಗಳು ಹಣ ಕೊಡುವುದು ಮೇಲೋ, ಸಮಯ ಕೊಡುವುದು ಮೇಲೋ?

ಮೂಡಿಗೆರೆ ಕಡೆಯ ಸರ್ಕಾರಿ ಕಾಲೇಜು, ಬೆಂಗಳೂರಿನಲ್ಲಿ ಕೆಲಸದಲ್ಲಿರುವ ಗೆಳೆಯರು, ಅಮೆರಿಕದಲ್ಲಿ ನೆಲೆಸಿರುವ ಒಬ್ಬರು, ಕೂಡಿಸಿಟ್ಟ ಮೂರು ಲಕ್ಷ ರೂಪಾಯಿ. ಅದರಲ್ಲಿ ಸ್ಮಾರ್ಟ್ ಬೋರ್ಡ್ ಕೊಡಿಸುವುದೋ, ಇಲ್ಲ ರಜೆಗೆ ಬಂದಾಗ ಮಕ್ಕಳಿಗೆ ತರಗತಿ ತೆಗೆದುಕೊಳ್ಳುವುದೋ ಎಂದು ಕೇಳಿದ್ದೀರಿ. ಊರಿನ ಹೆಸರೊಂದನ್ನು ಬದಲಿಸಿದರೆ ಇದು ಕೆಲವು ವರ್ಷಗಳ ಹಿಂದಿನ ನಾವೇ. ನಮ್ಮದು ಹಾಸನ ಜಿಲ್ಲೆಯ ಒಂದು ಸರ್ಕಾರಿ ಪ್ರಥಮ ದರ್ಜೆ ಕಾಲೇಜು. ಸಕಲೇಶಪುರ, ಆಲೂರು ಸೀಮೆಯ ತೋಟಗಳ ಮಕ್ಕಳು ಅಲ್ಲಿಗೆ ಬರುತ್ತಾರೆ. ನೀವು ಸ್ಮಾರ್ಟ್ ಬೋರ್ಡ್ ಎನ್ನುವ ಜಾಗದಲ್ಲಿ ನಾವು ಕಂಪ್ಯೂಟರ್ ಎಂದಿದ್ದೆವು.

ನಮ್ಮನ್ನು ಒಟ್ಟುಗೂಡಿಸಿದ್ದು ಕಾಲೇಜುಗಳ ಗುಣಮಟ್ಟ ಅಳೆದು ಮಾನ್ಯತೆ ಕೊಡುವ ರಾಷ್ಟ್ರೀಯ ಸಂಸ್ಥೆ ನ್ಯಾಕ್‌ನ ತಂಡದ ಭೇಟಿ. ನ್ಯಾಕ್ ಆಗ ಕಾಲೇಜುಗಳನ್ನು ಅಳೆಯುತ್ತಿದ್ದ ಏಳು ಮಾನದಂಡಗಳಲ್ಲಿ ಐದನೆಯದು ವಿದ್ಯಾರ್ಥಿಗಳಿಗೆ ಸಿಗುವ ಬೆಂಬಲಕ್ಕೆ ಸಂಬಂಧಿಸಿದ್ದು. ನೋಂದಾಯಿತ ಹಳೆಯ ವಿದ್ಯಾರ್ಥಿಗಳ ಸಂಘ ಇದೆಯೇ, ಅದು ಹಣದಿಂದಲೋ ಸೇವೆಯಿಂದಲೋ ಕಾಲೇಜಿಗೆ ಏನು ಮಾಡಿದೆ ಎಂಬ ಪ್ರಶ್ನೆ ಅದರೊಳಗೆ ಬರುತ್ತಿತ್ತು. ಆಗಿನ ಪ್ರಾಂಶುಪಾಲರು ನಮಗೆಲ್ಲ ದೂರವಾಣಿ ಮಾಡಿದರು. ಸಂಘ ನೋಂದಾಯಿಸುವುದು ಕಷ್ಟವಾಗಲಿಲ್ಲ. 1960ರ ಕರ್ನಾಟಕ ಸಂಘಗಳ ನೋಂದಣಿ ಕಾಯಿದೆಯ ಪ್ರಕಾರ ಏಳು ಜನ ಸಾಕು. ಪ್ರತಿ ವರ್ಷ ಮಹಾಸಭೆ ಕರೆದು ಲೆಕ್ಕಪತ್ರ ಸಲ್ಲಿಸುವುದೇ ಕಷ್ಟ, ಅದು ಆಮೇಲೆ ಗೊತ್ತಾಗುತ್ತದೆ.

ನಮ್ಮ ತಪ್ಪನ್ನು ಇನ್ನು ಬಿಡಿಸಿ ಹೇಳುತ್ತೇನೆ. ಕೊಡುವವರು ದಾನದ ಕಾಗದಪತ್ರದ ಕೆಲಸವನ್ನು ಸಣ್ಣ ಕಚೇರಿ ವ್ಯವಹಾರವೆಂದು ತಳ್ಳಿಹಾಕುವುದನ್ನು ಎಷ್ಟೋ ಕಡೆ ನೋಡಿದ್ದೇನೆ. ನಾವು ಕಂಪ್ಯೂಟರ್‌ಗಳನ್ನು ಬೆಂಗಳೂರಿನಲ್ಲಿ ಕೊಂಡೆವು. ಅವಸರದಲ್ಲಿ ಬಿಲ್ ಒಬ್ಬ ಗೆಳೆಯನ ಹೆಸರಿಗೆ ಆಯಿತು, ಹಣ ಅವನ ಸ್ವಂತ ಖಾತೆಯಿಂದ ಹೋಯಿತು. ಕಾಲೇಜಿನಲ್ಲಿ ಸಮಾರಂಭ ಮಾಡಿ ಹಸ್ತಾಂತರಿಸಿದೆವು. ನಮಗೆಲ್ಲ ಶಾಲು ಹೊದಿಸಿದರು, ಗೋಡೆಗೆ ನಮ್ಮ ಹೆಸರಿನ ಫಲಕ ಬಂತು. ಆದರೆ ಇಂತಿಷ್ಟು ಕಂಪ್ಯೂಟರ್, ಇಂತಿಷ್ಟು ಯುಪಿಎಸ್, ಈ ಕ್ರಮಸಂಖ್ಯೆಯವು ಎಂದು ಬರೆದ ದಾನಪತ್ರ ಇರಲಿಲ್ಲ. ಕಾಲೇಜಿನ ಸ್ವೀಕೃತಿ ಪತ್ರ ಇರಲಿಲ್ಲ. ಕಾಲೇಜು ಅಭಿವೃದ್ಧಿ ಸಮಿತಿಯ ನಡಾವಳಿಯಲ್ಲಿ ಅದರ ಪ್ರಸ್ತಾಪವೇ ಇರಲಿಲ್ಲ. ಹಾಗಾಗಿ ಆ ಕಂಪ್ಯೂಟರ್‌ಗಳು ಕಾಲೇಜಿನ ದಾಸ್ತಾನು ಪುಸ್ತಕಕ್ಕೆ ಏರಲೇ ಇಲ್ಲ.

ದಾಸ್ತಾನು ಪುಸ್ತಕ ಎಂದರೆ ಸರ್ಕಾರಿ ಕಚೇರಿಯಲ್ಲಿ ವಸ್ತುವಿನ ಜನನ ಪ್ರಮಾಣಪತ್ರ. ಅದರಲ್ಲಿ ನಮೂದಾಗದ ವಸ್ತು ಕಣ್ಣೆದುರಿಗಿದ್ದರೂ ಕಚೇರಿಯ ಪಾಲಿಗೆ ಇಲ್ಲ. ಕೆಲವು ವರ್ಷ ಎಲ್ಲವೂ ಚೆನ್ನಾಗಿಯೇ ನಡೆಯಿತು. ಆಮೇಲೆ ಯುಪಿಎಸ್ ಬ್ಯಾಟರಿಗಳು ಕೆಟ್ಟವು. ಮಳೆಗಾಲದಲ್ಲಿ ನಮ್ಮ ಕಡೆ ಕರೆಂಟಿನ ಸ್ಥಿತಿ ನಿಮಗೆ ಗೊತ್ತೇ ಇದೆ, ಬ್ಯಾಟರಿ ಇಲ್ಲದೆ ಅಲ್ಲಿ ಪ್ರಯೋಗಾಲಯ ನಡೆಯುವುದಿಲ್ಲ. ದುರಸ್ತಿಗೆ ಹಣ ಕೇಳಿದಾಗ ಕಚೇರಿಯ ಅಧೀಕ್ಷಕರು, ದಾಸ್ತಾನಿನಲ್ಲಿ ಇಲ್ಲದ ವಸ್ತುವಿಗೆ ದುರಸ್ತಿ ಬಿಲ್ ಬರೆದರೆ ಲೆಕ್ಕ ಪರಿಶೋಧನೆಯಲ್ಲಿ ನಾನು ಉತ್ತರ ಕೊಡಬೇಕಾಗುತ್ತದೆ ಎಂದರು. ಅಷ್ಟರಲ್ಲಿ ನಮ್ಮನ್ನು ಕರೆಸಿಕೊಂಡಿದ್ದ ಪ್ರಾಂಶುಪಾಲರಿಗೆ ವರ್ಗಾವಣೆಯಾಗಿತ್ತು. ಹೊಸಬರು ಅಧಿಕಾರ ವಹಿಸಿಕೊಂಡ ಪಟ್ಟಿಯಲ್ಲಿ ಆ ಕೋಣೆಯ ಬೆಂಚುಗಳಿದ್ದವು, ಕಂಪ್ಯೂಟರ್‌ಗಳಿರಲಿಲ್ಲ. ಒಂದು ಕಳೆದರೂ ಯಾರ ಹೊಣೆ ಎಂದು ಅವರು ಕೋಣೆಗೆ ಬೀಗ ಹಾಕಿಸಿದರು. ಬಿಲ್ ಇದ್ದ ಗೆಳೆಯ ಕೆಲಸ ಬದಲಿಸಿ ದೂರ ಹೋಗಿದ್ದ, ಬಿಲ್ಲೂ ಸಿಗಲಿಲ್ಲ. ಆ ಕಂಪ್ಯೂಟರ್‌ಗಳನ್ನು ರಿಪೇರಿ ಮಾಡಿಸುವ ಹಾಗಿಲ್ಲ, ಹಳತಾದ ಮೇಲೆ ನಿಯಮದಂತೆ ವಿಲೇವಾರಿ ಮಾಡುವ ಹಾಗೂ ಇಲ್ಲ.

ನಾವು ಆಗ ಸಿಟ್ಟಾದೆವು. ಕಾಲೇಜಿನವರಿಗೆ ಕೃತಜ್ಞತೆ ಇಲ್ಲ ಎಂದು ಮಾತಾಡಿಕೊಂಡೆವು, ಸಂಘದಲ್ಲಿ ಎರಡು ಗುಂಪಾಯಿತು, ಹಣ ಕೊಟ್ಟವರು ಮತ್ತೆ ಕೊಡಲಿಲ್ಲ. ಅಧೀಕ್ಷಕರು ಹೇಳಿದ್ದು ಅಕ್ಷರಶಃ ಸರಿ ಎಂದು ನನಗೆ ಅರ್ಥವಾಗಲು ತುಂಬಾ ತಡವಾಯಿತು. ನಾವು ಕಚೇರಿಯ ಮೆಟ್ಟಿಲನ್ನೇ ಹತ್ತಿರಲಿಲ್ಲ. ಪ್ರಾಂಶುಪಾಲರ ಕೋಣೆಗೆ ಹೋಗಿ ಕಾಫಿ ಕುಡಿದು ಬಂದಿದ್ದೆವು. ಆ ನಡುವಿನ ವರ್ಷಗಳಲ್ಲಿ ಓದಿ ಹೋದ ಮಕ್ಕಳು ಬೀಗ ಹಾಕಿದ ಬಾಗಿಲನ್ನು ನೋಡಿಕೊಂಡೇ ಪದವಿ ಮುಗಿಸಿದರು. ಅದು ನನ್ನನ್ನು ಇಂದಿಗೂ ಬಿಟ್ಟಿಲ್ಲ.

ಹಾಗಾಗಿ ಹಣವೋ ಸಮಯವೋ ಎಂಬ ನಿಮ್ಮ ಪ್ರಶ್ನೆಯನ್ನೇ ನಾನು ಒಪ್ಪುವುದಿಲ್ಲ. ಎರಡನ್ನೂ ಬೆಂಗಳೂರಿನಲ್ಲಿ ಕುಳಿತು ತೀರ್ಮಾನಿಸುತ್ತಿದ್ದೀರಿ. ನಿಮಗೆ ಮೊದಲು ಬೇಕಾದವರು ಊರಿನಲ್ಲೇ ಇರುವ ಒಬ್ಬ ಹಳೆಯ ವಿದ್ಯಾರ್ಥಿ. ನಮಗೆ ಸಿಕ್ಕವಳು ಬಸ್ ನಿಲ್ದಾಣದ ಹತ್ತಿರ ಜೆರಾಕ್ಸ್ ಅಂಗಡಿ ಇಟ್ಟಿರುವ ನಮ್ಮದೇ ತರಗತಿಯ ಗೆಳತಿ. ನಮ್ಮ ಸಮಾರಂಭದ ವೇದಿಕೆಗೆ ಅವಳನ್ನು ಯಾರೂ ಕರೆದಿರಲಿಲ್ಲ. ಕಾಲೇಜಿನ ಮಕ್ಕಳು ವಿದ್ಯಾರ್ಥಿವೇತನದ ಅರ್ಜಿ ಹಾಕಲು ಅವಳ ಅಂಗಡಿಗೇ ಬರುತ್ತಾರೆ. ರಾಜ್ಯದ ವಿದ್ಯಾರ್ಥಿವೇತನದ ಜಾಲತಾಣವಾದ ಎಸ್‌ಎಸ್‌ಪಿ ಪೋರ್ಟಲ್‌ನಲ್ಲಿ ಯಾರ ಅರ್ಜಿ ಏಕೆ ನಿಂತಿತು ಎಂಬುದು ಅವಳಿಗೆ ಗೊತ್ತು. ಆಧಾರ್‌ನಲ್ಲಿ ಒಂದು ಹೆಸರು, ಎಸ್‌ಎಸ್‌ಎಲ್‌ಸಿ ಅಂಕಪಟ್ಟಿಯಲ್ಲಿ ಇನ್ನೊಂದು. ಆದಾಯ ಪ್ರಮಾಣಪತ್ರದ ಅವಧಿ ಮುಗಿದಿರುತ್ತದೆ, ನಾಡಕಚೇರಿಗೆ ಮತ್ತೆ ಹೋಗಬೇಕು. ಬ್ಯಾಂಕ್ ಖಾತೆಗೆ ಆಧಾರ್ ಜೋಡಣೆಯಾಗಿರುವುದಿಲ್ಲ, ಮಂಜೂರಾದ ಹಣ ಬಂದು ಸೇರುವುದಿಲ್ಲ. ಸರ್ಕಾರ ಕೊಡಲು ಸಿದ್ಧವಿರುವ ಹಣ ಇಷ್ಟು ಸಣ್ಣ ಕಾರಣಗಳಿಗೆ ಮಕ್ಕಳ ಕೈತಪ್ಪುತ್ತದೆ. ನಾವು ಈಗ ಅರ್ಜಿ ಹಾಕುವ ತಿಂಗಳುಗಳಲ್ಲಿ ಕಾಲೇಜಿನಲ್ಲೇ ಒಂದು ಮೇಜು ಹಾಕಿ, ಅವಳ ಜೊತೆ ಸರದಿಯಂತೆ ಕೂರುತ್ತೇವೆ. ಬೆಂಗಳೂರಿನಿಂದ ರೈಲಿನಲ್ಲಿ ಹೋಗಿ ಒಂದು ದಿನ ಸ್ಫೂರ್ತಿಯ ಭಾಷಣ ಮಾಡಿ ಬರುವುದಕ್ಕಿಂತ ಇದು ಸಾವಿರ ಪಾಲು ಉಪಯುಕ್ತ ಎಂದು ನಾನು ಖಂಡಿತವಾಗಿ ಹೇಳುತ್ತೇನೆ. ಪಾಠ ಹೇಳುವುದನ್ನು ಅಲ್ಲಿನ ಅತಿಥಿ ಉಪನ್ಯಾಸಕರಿಗೆ ಬಿಡಿ. ಅವರು ಕಡಿಮೆ ಸಂಬಳಕ್ಕೆ ವರ್ಷಗಟ್ಟಲೆ ಆ ಕೆಲಸ ಮಾಡುತ್ತಿದ್ದಾರೆ.

ಹಣದ ದಾರಿಯನ್ನೂ ಅವಳೇ ತೋರಿಸಿದಳು. ಕಾಫಿ ಕೊಯ್ಲಿನ ಕಾಲದಲ್ಲಿ ಹಾಜರಾತಿ ಕುಸಿಯುವುದನ್ನು ನಿಮ್ಮ ಕಡೆಯೂ ನೋಡಿರುತ್ತೀರಿ. ಅರೇಬಿಕಾ ಮುಗಿಯುವಷ್ಟರಲ್ಲಿ ರೊಬಸ್ಟಾ ಹಣ್ಣಾಗುತ್ತದೆ, ತೋಟದ ಕೂಲಿಕಾರರ ಲೈನ್ ಮನೆಗಳ ಮಕ್ಕಳು ಅಪ್ಪ ಅಮ್ಮನ ಜೊತೆ ಕೊಯ್ಲಿಗೆ ಇಳಿಯುತ್ತಾರೆ. ಪರೀಕ್ಷಾ ಶುಲ್ಕದ ಕೊನೆಯ ದಿನಾಂಕ ಎಷ್ಟೋ ಸಲ ಅದೇ ತಿಂಗಳುಗಳಲ್ಲಿ ಬೀಳುತ್ತದೆ. ಕೂಲಿಯ ಬಟವಾಡೆ ಕೈಗೆ ಬರುವ ಮೊದಲೇ ಗಡುವು ಮುಗಿದು ದಂಡ ಸೇರಿಕೊಳ್ಳುತ್ತದೆ. ಕೆಲವರು ಅಲ್ಲಿಗೇ ಓದು ನಿಲ್ಲಿಸುತ್ತಾರೆ. ಇದು ತಿಳಿದ ಮೇಲೆ ನಾವು ವಸ್ತು ಕೊಡುವುದನ್ನೇ ಬಿಟ್ಟೆವು. ಸಂಘದ ಹೆಸರಿನಲ್ಲಿ ನಿಶ್ಚಿತ ಠೇವಣಿ ಇಟ್ಟು ಅದರ ಬಡ್ಡಿಯಲ್ಲಿ ಪರೀಕ್ಷಾ ಶುಲ್ಕ ಕಟ್ಟುತ್ತೇವೆ. ನಿಮ್ಮ ಮೂರು ಲಕ್ಷಕ್ಕೆ ಶೇಕಡ 6.5ರ ಬಡ್ಡಿ ಎಂದರೂ ವರ್ಷಕ್ಕೆ 19,500 ರೂಪಾಯಿ ಬರುತ್ತದೆ. ಕಡಿಮೆ ಎನಿಸಬಹುದು. ಗಡುವಿನ ಹಿಂದಿನ ವಾರ ಆ ಹಣ ಕೈಯಲ್ಲಿದ್ದರೆ ಎಷ್ಟು ಮಕ್ಕಳನ್ನು ಉಳಿಸಿಕೊಳ್ಳಬಹುದು ಎಂಬುದನ್ನು ನಿಮ್ಮ ಕಾಲೇಜಿನ ಗುಮಾಸ್ತರನ್ನೇ ಕೇಳಿ. ಯಾರ ಶುಲ್ಕ ಕಟ್ಟಿದೆವು ಎಂಬುದನ್ನು ಫಲಕದಲ್ಲೂ ಹಾಕಬೇಡಿ, ವಾಟ್ಸ್ಆ್ಯಪ್ ಗುಂಪಿನಲ್ಲೂ ಹಾಕಬೇಡಿ. ಆ ಮಕ್ಕಳಿಗೆ ಅಭಿಮಾನವಿದೆ.

ಅಮೆರಿಕದ ಗೆಳೆಯರ ವಿಷಯ. ಅವರು ಇನ್ನೂ ಭಾರತದ ಪೌರರಾಗಿದ್ದು ತಮ್ಮ ಉಳಿತಾಯದಿಂದ ಬ್ಯಾಂಕ್ ಮೂಲಕ ಕಳಿಸಿದರೆ ತೊಂದರೆಯಿಲ್ಲ. ಅಲ್ಲಿನ ಪೌರತ್ವ ಪಡೆದಿದ್ದರೆ, ವಿದೇಶಿ ಪೌರರಾದ ಭಾರತ ಮೂಲದವರಿಗೆ ಸಿಗುವ ಒಸಿಐ ಕಾರ್ಡ್ ಇದ್ದರೂ, ಅವರ ಹಣ 2010ರ ವಿದೇಶಿ ವಂತಿಗೆ ಕಾಯಿದೆಯಡಿ ವಿದೇಶಿ ಹಣ. ಆ ಕಾಯಿದೆಯಡಿ ನೋಂದಣಿ ಇಲ್ಲದ ಸಂಘ ಅದನ್ನು ಮುಟ್ಟಬಾರದು. ತೆರಿಗೆ ವಿನಾಯಿತಿಯ ರಸೀದಿ ಕೇಳುವವರಿಗೂ ಮೊದಲೇ ಹೇಳಿಬಿಡಿ, ಸಂಘ ಆದಾಯ ತೆರಿಗೆ ಇಲಾಖೆಯಲ್ಲಿ ಅದಕ್ಕೆಂದೇ ನೋಂದಣಿ ಮಾಡಿಸಿರಬೇಕು, ಎರಡು ಸಾವಿರಕ್ಕಿಂತ ಹೆಚ್ಚು ನಗದು ಕೊಟ್ಟರೆ ವಿನಾಯಿತಿ ಸಿಗುವುದಿಲ್ಲ.

ಇಷ್ಟಾದ ಮೇಲೂ ಸ್ಮಾರ್ಟ್ ಬೋರ್ಡ್ ಬೇಕೇ ಬೇಕು ಎಂದು ಅಲ್ಲಿನ ಅಧ್ಯಾಪಕರೇ ಕೇಳಿದರೆ ಕೊಡಿಸಿ. ಬಿಲ್ ಸಂಘದ ಹೆಸರಿನಲ್ಲಿರಲಿ, ಮುಂದಿನ ಐದು ವರ್ಷದ ದುರಸ್ತಿಗೆ ಒಂದಿಷ್ಟು ಹಣ ಬದಿಗಿಡಿ. ಅಭಿವೃದ್ಧಿ ಸಮಿತಿಯ ಒಪ್ಪಿಗೆಯನ್ನೂ, ವಸ್ತು ಬಂದ ಕೂಡಲೇ ದಾಸ್ತಾನು ಪುಸ್ತಕಕ್ಕೆ ಏರಿಸುತ್ತೇವೆ ಎಂಬ ಮಾತನ್ನೂ ಪ್ರಾಂಶುಪಾಲರ ಸಹಿಯೊಂದಿಗೆ ಬರಹದಲ್ಲಿ ಪಡೆಯಿರಿ. ಆ ಪತ್ರ ಕೈಗೆ ಬರುವವರೆಗೆ ಅಂಗಡಿಗೆ ಮುಂಗಡ ಕೊಡಬೇಡಿ.