ಮುತ್ತಜ್ಜಿ ಹುಟ್ಟಿದ್ದು ಯಾವ ವರ್ಷ?

ಪ್ರಶ್ನೆ: ಮುತ್ತಜ್ಜಿ ಹುಟ್ಟಿದ ವರ್ಷ ಎಲ್ಲೂ ಸಿಗುತ್ತಿಲ್ಲ. ಮೊದಲ ಮಗು 1910ರಲ್ಲಿ, ಕೊನೆಯದು 1931ರಲ್ಲಿ ಹುಟ್ಟಿದ್ದು ಗೊತ್ತು. ಮರಣ ದಾಖಲೆಯಲ್ಲಿ ‘1960, ವಯಸ್ಸು 75’ ಅಂತಿದೆ. ವಂಶವೃಕ್ಷದಲ್ಲಿ 1885 ಎಂದು ಬರೆದುಬಿಡಲೇ?

ಉತ್ತರ: ಬೇಡ, ಸ್ವಲ್ಪ ತಡೆಯಿರಿ. ಮರಣ ದಾಖಲೆಯಲ್ಲಿರುವ ವಯಸ್ಸು ಸತ್ತವರು ಹೇಳಿದ್ದಲ್ಲ, ದುಃಖದಲ್ಲಿದ್ದ ಮನೆಯವರು ಯಾರೋ ಅಂದಾಜಿನಲ್ಲಿ ಹೇಳಿದ್ದು, ಅಲ್ವಾ? ಅದರಲ್ಲೂ 70, 75, 80 ಎಂಬ ದುಂಡು ಸಂಖ್ಯೆ ಕಂಡರೆ ನನಗೆ ಅನುಮಾನ ಜಾಸ್ತಿ. ಜನಗಣತಿಯ ವಯಸ್ಸೂ ಹೀಗೆಯೇ. 1841ರ ಇಂಗ್ಲೆಂಡ್ ಗಣತಿಯಲ್ಲಂತೂ 15 ದಾಟಿದವರ ವಯಸ್ಸನ್ನು ಐದೈದರ ಲೆಕ್ಕಕ್ಕೆ ಇಳಿಸಿ ಬರೆಯಲು ಸೂಚನೆಯೇ ಇತ್ತು, ಹಾಗಾಗಿ 39 ವರ್ಷದವರು ಅಲ್ಲಿ 35 ಆಗಿಬಿಟ್ಟಿದ್ದಾರೆ.

ನಿಮ್ಮ ಕೈಲಿರುವ ಗಟ್ಟಿ ಆಧಾರ ಮಕ್ಕಳ ವರ್ಷಗಳು. 45 ದಾಟಿದ ಮೇಲೆ ಹೆರಿಗೆ ಅಪರೂಪ. 1931ರಲ್ಲಿ 45 ಎಂದುಕೊಂಡರೆ 1886 ಬರುತ್ತದೆ. ಮೊದಲ ಹೆರಿಗೆಯಲ್ಲಿ ಕನಿಷ್ಠ 16 ಎಂದರೆ 1894. ಅಂದರೆ ಇವೆರಡರ ನಡುವೆ ಎಲ್ಲೋ ಹುಟ್ಟಿರಬೇಕು, ಮರಣ ದಾಖಲೆ ಆ ಮೊದಲ ತುದಿಗೆ ಹತ್ತಿರವಿದೆ, ಆದ್ದರಿಂದ ಅದನ್ನು ಪೂರ್ತಿ ತಳ್ಳಿಹಾಕಬೇಡಿ. ಆದರೆ 1910ರ ಮಗುವಿಗೂ ಮೊದಲು ಒಂದು ಮಗು ಹುಟ್ಟಿ ತೀರಿಕೊಂಡಿತ್ತೇ ಎಂದು ಹಿರಿಯರನ್ನು ಕೇಳಿ. ಇದ್ದರೆ 1894 ಎಂಬ ತುದಿ ಇನ್ನೂ ಹಿಂದೆ ಸರಿಯುತ್ತದೆ.

ಸದ್ಯಕ್ಕೆ ‘ಸುಮಾರು 1886–1894’ ಎಂದು ಬರೆದು, ಹೇಗೆ ಲೆಕ್ಕ ಹಾಕಿದಿರಿ ಎಂಬುದನ್ನೂ ಪಕ್ಕದಲ್ಲೇ ಬರೆದಿಡಿ. ಸುಮ್ನೆ ಒಂದೇ ವರ್ಷ ಬರೆದರೆ ಮುಂದೆ ನೋಡುವವರು ಅದನ್ನೇ ನಿಜವೆಂದು ನಂಬುತ್ತಾರೆ.