ಕಣ್ಣಿಗೆ ಕಾಣದ ಕಾಡಿಗೆ

ಪ್ರಶ್ನೆ: ನಾನು ಕನ್ನಡ ಎಂ.ಎ. ವಿದ್ಯಾರ್ಥಿನಿ. ಸೃಜನಶೀಲ ಬರವಣಿಗೆಯನ್ನು ಐಚ್ಛಿಕ ವಿಷಯವಾಗಿ ತೆಗೆದುಕೊಂಡಿದ್ದೇನೆ. ಈ ಸೆಮಿಸ್ಟರಿನಲ್ಲಿ ಬರೆದ ನಾಲ್ಕು ಕಥೆಗಳ ಜೊತೆಗೆ, ಬರಹಗಾರ್ತಿಯಾಗಿ ನನ್ನ ಶಕ್ತಿ ಮತ್ತು ದೌರ್ಬಲ್ಯಗಳ ಬಗ್ಗೆ ಒಂದು ಪುಟದ ಟಿಪ್ಪಣಿಯನ್ನೂ ಕೊಡಬೇಕೆಂದು ಅಧ್ಯಾಪಕರು ಹೇಳಿದ್ದಾರೆ. ಶಕ್ತಿಯನ್ನು ಹೇಳಿಕೊಂಡರೆ ಜಂಬವೆನಿಸುತ್ತದೆ, ದೌರ್ಬಲ್ಯವನ್ನು ಒಪ್ಪಿಕೊಂಡರೆ ಅಂಕ ಹೋಗುವ ಭಯ. ನಮ್ಮ ಹಾವೇರಿ ಕಡೆಯ ಮಾತು ನನ್ನ ಕಥೆಗಳಲ್ಲಿ ಚೆನ್ನಾಗಿ ಬಂದಿದೆ ಎಂದು ಗೆಳತಿಯರು ಹೇಳುತ್ತಾರೆ. ಟಿಪ್ಪಣಿಯ ಕರಡನ್ನೂ ಮೂರನೆಯ ಕಥೆಯನ್ನೂ ಕಳಿಸಿದ್ದೇನೆ. ದಯವಿಟ್ಟು ಸಲಹೆ ಕೊಡಿ.

ಉತ್ತರ: ನಿಮ್ಮ ಕರಡಿನಲ್ಲಿ ‘ನನಗೆ ಕಲ್ಪನಾಶಕ್ತಿ ಚೆನ್ನಾಗಿದೆ, ಆದರೆ ಪದಸಂಪತ್ತು ಕಡಿಮೆ’ ಎಂಬ ವಾಕ್ಯವಿದೆ. ಇದನ್ನು ನಿಮ್ಮ ತರಗತಿಯ ಯಾರ ಟಿಪ್ಪಣಿಗೆ ಸೇರಿಸಿದರೂ ಹೊಂದಿಕೊಂಡುಬಿಡುತ್ತದೆ. ಹಾಗಾಗಿ ಇದರಲ್ಲಿ ಜಂಬವೂ ಇಲ್ಲ, ತಪ್ಪೊಪ್ಪಿಗೆಯೂ ಇಲ್ಲ. ನೀವು ನಿಮ್ಮ ಸ್ವಭಾವದ ಬಗ್ಗೆ ಬರೆಯಲು ಹೊರಟಿದ್ದೀರಿ, ಅಧ್ಯಾಪಕರು ಕೇಳಿರುವುದಾದರೋ ಆ ನಾಲ್ಕು ಕಥೆಗಳಲ್ಲಿ ಕಾಣುವ ಬರಹಗಾರ್ತಿಯ ಬಗ್ಗೆ.

ಗುಣದೋಷಗಳ ಈ ವಿಚಾರ ಕನ್ನಡಕ್ಕೆ ಹೊಸದೇನಲ್ಲ. 9ನೆಯ ಶತಮಾನದ ‘ಕವಿರಾಜಮಾರ್ಗ’ದ ಮೂರು ಪರಿಚ್ಛೇದಗಳಲ್ಲಿ ಮೊದಲನೆಯದೇ ದೋಷಾದೋಷಗಳ ನಿರ್ಣಯಕ್ಕೆ ಮೀಸಲಾಗಿದೆ, ಅಲಂಕಾರಗಳ ಮಾತು ಬರುವುದು ಆಮೇಲೆ. ಕಣ್ಣು ತನ್ನ ಕಾಡಿಗೆಯನ್ನು ಕಾಣದಂತೆ ಮನುಷ್ಯ ತನ್ನ ದೋಷವನ್ನು ಕಾಣಲಾರ ಎಂಬ ಅರ್ಥದ ಮಾತೂ ಅಲ್ಲಿದೆ. ಕಾಡಿಗೆಯನ್ನು ಹಚ್ಚಿಕೊಳ್ಳುವುದು ಚೆಂದಕ್ಕೆಂದೇ ಅಲ್ಲವೇ? ನಾನು ಆ ಹೋಲಿಕೆಯನ್ನು ಹೀಗೆ ಓದಿಕೊಳ್ಳುತ್ತೇನೆ: ಚೆನ್ನಾಗಿ ಕಾಣಲೆಂದು ನಾವು ಎಲ್ಲಿ ಹೆಚ್ಚು ಶ್ರಮಪಟ್ಟಿದ್ದೇವೋ, ನಮ್ಮ ದೋಷವನ್ನು ಮೊದಲು ಅಲ್ಲಿಯೇ ಹುಡುಕಬೇಕು.

ನಿಮ್ಮ ಮೂರನೆಯ ಕಥೆಯನ್ನೇ ನೋಡೋಣ. ಸೊಸೆ ರೊಟ್ಟಿ ಬಡಿಯುತ್ತಿದ್ದಾಳೆ, ಅತ್ತೆ ಒಲೆಯ ಮುಂದೆ ಕುಳಿತು ಬೇಯಿಸುತ್ತಿದ್ದಾಳೆ. ‘ಹಿಟ್ಟು ಬಿಸಿನೀರಾಗ ನಾದಬೇಕಿತ್ತವಾ, ತಣ್ಣೀರಾಗ ನಾದಿದ್ರ ರೊಟ್ಟಿ ಸೀಳತಾವು’ ಎಂದು ಅತ್ತೆ ಹೇಳುವಾಗ, ಆ ಮಾತು ರೊಟ್ಟಿಯ ಬಗ್ಗೆ ಮಾತ್ರವಲ್ಲವೆಂದು ಓದುವವರಿಗೆ ತಾನಾಗಿಯೇ ತಿಳಿಯುತ್ತದೆ. ಈ ಎರಡು ಪುಟಗಳ ಬಗ್ಗೆ ನಿಮ್ಮ ಟಿಪ್ಪಣಿಯಲ್ಲಿ ಸಂಕೋಚವಿಲ್ಲದೆ ಬರೆಯಿರಿ. ಆದರೆ ಅದೇ ಸೊಸೆ ಗಂಟು ಕಟ್ಟಿಕೊಂಡು ತವರಿಗೆ ಹೊರಡುವ ಘಟ್ಟದಲ್ಲಿ, ‘ಅವಳ ಅಂತರಂಗದಲ್ಲಿ ಅಸ್ಮಿತೆಯ ಹಂಬಲವು ಭುಗಿಲೆದ್ದಿತು’ ಎಂದು ಬರೆದು, ಒಂದು ಸಾಲಿನಲ್ಲಿ ಅವಳನ್ನು ಬಸ್ಸು ಹತ್ತಿಸಿಬಿಟ್ಟಿದ್ದೀರಿ. ಪಾತ್ರಗಳು ಮಾತನಾಡುವಷ್ಟು ಹೊತ್ತು ನಿಮಗೆ ಹಾವೇರಿಯ ಅಡುಗೆಮನೆಯ ಆಸರೆಯಿದೆ. ಮಾತು ನಿಂತ ಕೂಡಲೇ ವಿಮರ್ಶೆಯ ಪುಸ್ತಕಗಳ ಭಾಷೆ ಒಳಗೆ ನುಗ್ಗುತ್ತದೆ. ನಿಮಗೆ ಪದಗಳ ಕೊರತೆಯಿಲ್ಲ, ಈ ಜಾಗದಲ್ಲಿ ಪದಗಳು ಹೆಚ್ಚೇ ಆಗಿವೆ. ಹೊರಡುವ ಮುನ್ನ ಅವಳು ತವೆಯನ್ನು ಒಲೆಯಿಂದ ಇಳಿಸಿದಳೇ, ಹಾಗೆಯೇ ಬಿಟ್ಟಳೇ ಎಂಬುದು ನನಗೆ ಬೇಕಾಗಿತ್ತು.

ಇಂಥದು ಬರೆದವರ ಕಣ್ಣಿಗೆ ಬೀಳುವುದು ಕಷ್ಟ. ನಾನು ವಿದ್ಯಾರ್ಥಿಯಾಗಿದ್ದಾಗ ಬರೆದ ಒಂಬತ್ತು ಕಥೆಗಳನ್ನು ಒಬ್ಬ ಸ್ನೇಹಿತನಿಗೆ ಕೊಟ್ಟಿದ್ದೆ. ಅವನು ಓದಿ ಹಿಂತಿರುಗಿಸುತ್ತಾ, ‘ಇದರಲ್ಲಿ ಏಳು ಕಥೆಗಳ ಕೊನೆಗೆ ಮಳೆ ಬರುತ್ತದಲ್ಲ ಮಾರಾಯ’ ಎಂದಷ್ಟೇ ಹೇಳಿದ. ಮಳೆಯ ವರ್ಣನೆಯೇ ನನ್ನ ಹೆಚ್ಚುಗಾರಿಕೆಯೆಂದು ನಾನು ಅಲ್ಲಿಯವರೆಗೆ ನಂಬಿದ್ದೆ. ಕಥೆಯನ್ನು ಮುಗಿಸಲು ತಿಳಿಯದಾಗಲೆಲ್ಲ ಮೋಡ ಕವಿಸುತ್ತಿದ್ದೆನೆಂಬುದು ಆ ದಿನ ಗೊತ್ತಾಯಿತು.

ಆದ್ದರಿಂದ, ನಿಮ್ಮನ್ನು ಹೊಗಳುವ ಗೆಳತಿಯರಲ್ಲೇ ಒಬ್ಬರ ಕೈಗೆ ಪೆನ್ಸಿಲ್ ಕೊಟ್ಟು, ಓದುವಾಗ ಎಲ್ಲೆಲ್ಲಿ ಸಾಲು ಹಾರಿಸಿದರೋ ಅಲ್ಲೆಲ್ಲ ಗೆರೆ ಎಳೆಯಲು ಹೇಳಿ. ಅಭಿಪ್ರಾಯ ಕೇಳಬೇಡಿ, ಗೆರೆ ಸಾಕು. ನಾಲ್ಕೂ ಕಥೆಗಳನ್ನು ನೀವೇ ಗಟ್ಟಿಯಾಗಿ ಓದಿಕೊಂಡರೆ ನಾಲಿಗೆ ತೊಡರುವ ಕಡೆಗಳೂ ಸಿಗುತ್ತವೆ. ಗೆರೆಯೂ ತೊಡರೂ ಒಂದೇ ಕಡೆ ಕೂಡಿದ್ದರೆ ಟಿಪ್ಪಣಿಯ ಅರ್ಧ ಅಲ್ಲಿಯೇ ಸಿಕ್ಕಿತೆಂದು ತಿಳಿಯಿರಿ.

ಇನ್ನು ಅಂಕದ ಭಯ. ನಿಮ್ಮ ಅಧ್ಯಾಪಕರು ಕಥೆಗಳನ್ನು ಹೇಗೂ ಓದುತ್ತಾರೆ, ಬಸ್ಸು ಹತ್ತಿಸಿದ ಆ ಸಾಲನ್ನೂ ಓದುತ್ತಾರೆ; ನೀವು ಮುಚ್ಚಿಟ್ಟ ಮಾತ್ರಕ್ಕೆ ಅದು ಅವರಿಗೆ ಕಾಣದೆ ಹೋಗುವುದಿಲ್ಲ. ಆ ಸಾಲು ಯಾಕೆ ಸೋತಿತೆಂದು ನೀವೇ ನಾಲ್ಕು ವಾಕ್ಯಗಳಲ್ಲಿ ವಿವರಿಸಿ. ಸಮಯವಿದ್ದರೆ ಆ ಭಾಗವನ್ನು ಮತ್ತೊಮ್ಮೆ ಬರೆದು, ಹಳೆಯದನ್ನು ಹರಿದುಹಾಕದೆ ಎರಡನ್ನೂ ಟಿಪ್ಪಣಿಯ ಜೊತೆಗೆ ಲಗತ್ತಿಸಿ.