ಸಂಪಾದಕರ ಉತ್ತರ: ಮಷೀನಿನಿಂದ ಇವತ್ತೇ ದೂರ ಇಡಿ, ಕೆಲಸದಿಂದ ತೆಗೆಯಬೇಡಿ

ಹುಬ್ಬಳ್ಳಿಯ ಗೋಕುಲ ರೋಡಿನಿಂದ ಪತ್ರ ಬರೆದ ಓದುಗರಿಗೆ ನಮಸ್ಕಾರ.

ಹೆಸರು ಹಾಕಬೇಡಿ ಅಂದಿದ್ದೀರಿ, ಹಾಕಿಲ್ಲ. ಉಳಿದ ಓದುಗರಿಗಾಗಿ ನಿಮ್ಮ ಪತ್ರದಲ್ಲಿ ಏನಿದೆ ಅಂತ ಚಿಕ್ಕದಾಗಿ ಹೇಳಿಬಿಡುತ್ತೇನೆ. ನಿಮ್ಮದು 22 ಜನ ಕೆಲಸ ಮಾಡುವ ಶೀಟ್ ಮೆಟಲ್ ಕಾರ್ಖಾನೆ. ನಿಮ್ಮ ತಂದೆಯ ಕಾಲದಿಂದ ಇರುವ ಒಬ್ಬ ಪ್ರೆಸ್ ಆಪರೇಟರ್ ಇದ್ದಾರೆ, ನೀವು ಅವರನ್ನು ಕಾಕಾ ಅಂತಲೇ ಕರೆಯೋದು. ಪ್ರೆಸ್ಸಿನ ಅಚ್ಚು, ಅಂದರೆ ಡೈ, ಸೆಟ್ ಮಾಡೋದರಲ್ಲಿ ಅವರಿಗೆ ಸಮ ಯಾರೂ ಇಲ್ಲ. ಆದರೆ ಈಗೊಂದು ವರ್ಷದಿಂದ ಬೆಳಗಿನ ಶಿಫ್ಟಿಗೇ ವಾಸನೆ ಹೊಡೆಯುತ್ತದೆ, ಸೋಮವಾರ ಬರೋದಿಲ್ಲ, ಬಟವಾಡೆ ಆದ ಮರುದಿನ ಅಂತೂ ಕೇಳೋದೇ ಬೇಡ. ಹೋದ ತಿಂಗಳು, ಕೈ ಒಳಗೆ ಹೋಗದ ಹಾಗೆ ತಡೆಯುವ ಗಾರ್ಡ್ ತೆಗೆದಿಟ್ಟು ಪ್ರೆಸ್ ಓಡಿಸಿದರು, ಪಕ್ಕದಲ್ಲಿದ್ದ ಹೆಲ್ಪರ್ ಹುಡುಗನ ಬೆರಳು ಸ್ವಲ್ಪದರಲ್ಲಿ ಉಳಿಯಿತು. ಅವರ ಹೆಂಡತಿ ಕಾರ್ಖಾನೆಗೆ ಬಂದು ಅತ್ತು, 'ಕೆಲಸದಿಂದ ತೆಗೀಬ್ಯಾಡ್ರಿ, ಪಗಾರ ನನ್ನ ಕೈಗೆ ಕೊಡ್ರಿ' ಅಂದಿದ್ದಾರೆ. ನಿಮ್ಮ ಪ್ರಶ್ನೆ ಇದು: ತೆಗೆದುಹಾಕಲಾ, ಊದುವ ಮಷೀನ್ ತರಲಾ, ಅಥವಾ ಅಪ್ಪನ ಕಾಲದವರು ಅಂತ ಸುಮ್ಮನಿರಲಾ?

ಸುಮ್ಮನಿರೋದು ಮಾತ್ರ ಬೇಡ. ಪತ್ರದಲ್ಲಿ ನನ್ನನ್ನು ಹಿಡಿದು ನಿಲ್ಲಿಸಿದ್ದು ಕಾಕಾ ಅಲ್ಲ, ಆ ಹೆಲ್ಪರ್ ಹುಡುಗ. ಅವನು ಕುಡಿದಿರಲಿಲ್ಲ, ತಪ್ಪು ಮಾಡಿರಲಿಲ್ಲ, ಎದುರು ಮಾತಾಡುವ ಧೈರ್ಯವೂ ಅವನಿಗಿಲ್ಲ, ಯಾಕಂದರೆ ಎದುರಿಗಿರುವವರು ಯಜಮಾನರೇ ಕಾಕಾ ಅಂತ ಕರೆಯುವ ಹಿರಿಯರು. ಅವನ ಪರವಾಗಿ ಮಾತಾಡುವವರು ಆ ಶೆಡ್ಡಿನಲ್ಲಿ ನೀವೊಬ್ಬರೇ. ಹಾಗಾಗಿ ಇವತ್ತಿನಿಂದಲೇ, ಈ ಪತ್ರಿಕೆ ಕೈಗೆ ಬಂದ ದಿನದಿಂದಲೇ, ಕಾಕಾ ಪ್ರೆಸ್ ಮುಂದೆ ನಿಲ್ಲಬಾರದು. ಇದರಲ್ಲಿ ಚೌಕಾಸಿ ಇಲ್ಲ. ತೆಗೆದಿಟ್ಟ ಗಾರ್ಡ್ ಕೂಡ ಇವತ್ತೇ ವಾಪಸ್ ಕೂರಬೇಕು, ಅದನ್ನು ಬಿಚ್ಚುವ ಸ್ಪ್ಯಾನರ್ ನಿಮ್ಮ ಆಫೀಸಿನ ಡ್ರಾಯರಿನಲ್ಲಿರಲಿ. ಎರಡು ಕೈಯಲ್ಲೂ ಬಟನ್ ಒತ್ತಿದರೆ ಮಾತ್ರ ಓಡುವ ವ್ಯವಸ್ಥೆ ನಿಮ್ಮ ಪ್ರೆಸ್ಸಿಗೆ ಇಲ್ಲದಿದ್ದರೆ ಮೊದಲು ಅದನ್ನು ಹಾಕಿಸಿ. ಕುಡಿಯದವರ ಬೆರಳೂ ಹೋಗುತ್ತವೆ, ಗೊತ್ತಲ್ವಾ.

ಹೇಗೆ ಬಾಯಿ ಬಿಟ್ಟು ಹೇಳೋದು ಅಂತ ಕೇಳಿದ್ದೀರಿ. ವಾಸನೆ ಬರುತ್ತಿರುವಾಗ ಬುದ್ಧಿ ಹೇಳಲು ಹೋಗಬೇಡಿ. ಕುಡಿದವರ ಹತ್ತಿರ ವಾದ ಮಾಡಿ ಗೆದ್ದವರಿಲ್ಲ. ನಾಲ್ಕು ಜನರ ಮುಂದೆ ಅಂತೂ ಬೇಡವೇ ಬೇಡ. ಪಕ್ಕಕ್ಕೆ ಕರೆದು ಇಷ್ಟೇ ಹೇಳಿ: 'ಕಾಕಾ, ಇವತ್ತ ಪ್ರೆಸ್ ಮುಂದ ನಿಂದ್ರಬ್ಯಾಡ್ರಿ. ಮನಿಗೆ ಹೋಗ್ರಿ, ಹುಡುಗನ್ನ ಜೋಡಿ ಕಳಸ್ತೀನಿ. ನಾಳೆ ಮುಂಜಾನೆ ಹತ್ತಕ್ಕ ಬರ್ರಿ, ಕುಂತು ಮಾತಾಡೋಣು.' ಗಾಡಿ ಕೀ ಅವರ ಕೈಗೆ ಕೊಡಬೇಡಿ. ಮರುದಿನ ಮಾತಾಡುವಾಗ 'ನೀವು ಕುಡುಕರಾಗಿದ್ದೀರಿ' ಅಂತ ಶುರು ಮಾಡಬೇಡಿ. ಕೆಲಸದಲ್ಲಿ ನೀವು ಕಂಡದ್ದನ್ನು ಮಾತ್ರ ಮುಂದಿಡಿ: ಇಂಥ ತಾರೀಖಿನ ಸೋಮವಾರಗಳು ಗೈರು, ಇಷ್ಟು ಪೀಸ್ ರಿಜೆಕ್ಟ್, ಇಂಥ ದಿನ ಗಾರ್ಡ್ ಇಲ್ಲದೆ ಪ್ರೆಸ್ ಓಡಿದೆ. ಅದನ್ನು ಅವರು ಅಲ್ಲಗಳೆಯೋಕೆ ಆಗಲ್ಲ. ಕುಡಿತದ ಕಾಯಿಲೆ ಇದೆಯೋ ಇಲ್ಲವೋ ಅನ್ನೋದನ್ನು ವೈದ್ಯರು ಹೇಳಲಿ, ಅದು ನಿಮ್ಮ ಕೆಲಸ ಅಲ್ಲ.

'ನಾನು ಬೆಳಿಗ್ಗೆ ಮುಟ್ಟೇ ಇಲ್ಲ' ಅಂತ ಕಾಕಾ ಆಣೆ ಮಾಡುತ್ತಾರೆ ಅಂತ ಬರೆದಿದ್ದೀರಿ. ಅವರು ಸುಳ್ಳು ಹೇಳುತ್ತಿಲ್ಲದೆಯೂ ಇರಬಹುದು. ಲೆಕ್ಕ ಹಾಕಿ ನೋಡಿ. ಒಂದು ಕ್ವಾರ್ಟರ್ ಅಂದರೆ 180 ಮಿ.ಲೀ. ಸುಮಾರು 30 ಮಿ.ಲೀ. ವಿಸ್ಕಿ ಅಥವಾ ರಮ್ಮಿನಲ್ಲಿರುವ ಆಲ್ಕೋಹಾಲನ್ನು ಕರಗಿಸೋಕೆ ನಮ್ಮ ದೇಹಕ್ಕೆ ಹೆಚ್ಚುಕಮ್ಮಿ ಒಂದು ಗಂಟೆ ಬೇಕು. ರಾತ್ರಿ ಎಂಟಕ್ಕೆ ಶುರು ಮಾಡಿ ಹನ್ನೊಂದಕ್ಕೆ ಎರಡು ಕ್ವಾರ್ಟರ್ ಮುಗಿಸಿದವರ ಮೈಯಿಂದ ಅದು ಪೂರ್ತಿ ಇಳಿಯೋದು ಮರುದಿನ ಬೆಳಿಗ್ಗೆ ಎಂಟಕ್ಕೋ ಇನ್ನೂ ತಡವಾಗಿಯೋ. ನಿಮ್ಮ ಶಿಫ್ಟ್ ಏಳಕ್ಕೆ. ಮಜ್ಜಿಗೆ, ನಿಂಬೆಹಣ್ಣು, ತಣ್ಣೀರು ಸ್ನಾನ, ಯಾವುದೂ ಇದನ್ನು ಬೇಗ ಮಾಡಲ್ಲ. ಈ ಲೆಕ್ಕವನ್ನು ನಿಮ್ಮ ಹುಡುಗರೆಲ್ಲರಿಗೂ ಹೇಳಿ. 'ಡ್ಯೂಟಿಯಲ್ಲಿ ಕುಡಿಯಲ್ಲ' ಅನ್ನುವ ಎಷ್ಟೋ ಜನರಿಗೆ ಇದು ನಿಜವಾಗಲೂ ಗೊತ್ತಿಲ್ಲ.

ಇನ್ನು ಪತ್ರದಲ್ಲಿ ನೀವು ಒಂದೇ ಸಾಲಿನಲ್ಲಿ ದಾಟಿಸಿದ ಒಂದು ಮಾತು ನನಗೆ ತುಂಬಾ ಭಯ ತಂದಿತು. 'ನಾಳೆಯಿಂದ ಪೂರ್ತಿ ಬಿಟ್ಟು ಬಂದರೆ ಮಾತ್ರ ಒಳಗೆ ಅಂತ ಹೇಳಿಬಿಡೋಣ ಅಂದುಕೊಂಡಿದ್ದೇನೆ' ಅಂದಿದ್ದೀರಿ. ದಯವಿಟ್ಟು ಹಾಗೆ ಹೇಳಬೇಡಿ. ಬೆಳಿಗ್ಗೆ ಅವರ ಕೈ ನಡುಗುತ್ತದೆ, ಒಂದು ನೈಂಟಿ ಹಾಕಿದ ಮೇಲೆ ನಿಲ್ಲುತ್ತದೆ ಅಂತ ನೀವೇ ಬರೆದಿದ್ದೀರಿ. ಅದರರ್ಥ ಅವರ ದೇಹ ಕುಡಿತಕ್ಕೆ ಒಗ್ಗಿಹೋಗಿದೆ. ಅಂಥವರು ಒಮ್ಮೆಲೇ ನಿಲ್ಲಿಸಿದರೆ ಮೊದಲ ಎರಡು ದಿನದೊಳಗೆ ಫಿಟ್ಸ್ ಬರಬಹುದು. ಎರಡು ಮೂರು ದಿನ ಕಳೆದ ಮೇಲೆ ಕೆಲವರಿಗೆ ದಿಕ್ಕು ತಪ್ಪಿದ ಹಾಗಾಗುತ್ತದೆ, ಇಲ್ಲದ್ದು ಕಾಣುತ್ತದೆ, ಗೋಡೆಯ ಮೇಲೆ ಹುಳ ಹರಿದಾಡಿದ ಹಾಗೆ ಅನ್ನಿಸುತ್ತದೆ, ಜ್ವರ, ಬೆವರು, ಎದೆ ಬಡಿತ. ಮನೆಯವರು ದೆವ್ವ ಮೆಟ್ಟಿತು ಅಂದುಕೊಂಡು ತಾಯತ ಕಟ್ಟಿಸೋಕೆ ಓಡುತ್ತಾರೆ. ಇದು ಆಸ್ಪತ್ರೆಗೆ ಓಡಬೇಕಾದ ಹೊತ್ತು, ತಡ ಮಾಡಿದರೆ ಜೀವ ಹೋಗಬಹುದು. ಕುಡಿತ ನಿಲ್ಲಿಸುವ ಮೊದಲ ವಾರ ವೈದ್ಯರ ಕಣ್ಣೆದುರು ಕಳೆಯಬೇಕು. ಅಲ್ಲಿ ನಡುಕ, ಫಿಟ್ಸ್ ತಡೆಯುವ ಮಾತ್ರೆ ಕೊಟ್ಟು ದಿನದಿನಕ್ಕೆ ಕಡಿಮೆ ಮಾಡುತ್ತಾರೆ, ಬಿ1 ವಿಟಮಿನ್ ಇಂಜೆಕ್ಷನ್ ಕೊಡುತ್ತಾರೆ. ಅದನ್ನು ಕಾರ್ಖಾನೆಯಲ್ಲೋ ಮನೆಯಲ್ಲೋ ಹಟದಿಂದ ಮಾಡೋಕೆ ಆಗಲ್ಲ.

ಇದರ ಜೊತೆಗೇ ಇನ್ನೊಂದು. 'ಅವರಿಗೆ ತಿಳಿಯದ ಹಾಗೆ ಕುಡಿತ ಬಿಡಿಸಿ' ಅಂತ ಗೋಡೆ ಮೇಲೆ, ಮೊಬೈಲಿನಲ್ಲಿ ಜಾಹೀರಾತು ಬರುತ್ತವಲ್ಲ, ಆ ಪುಡಿಯನ್ನು ಕಾಕಾ ಹೆಂಡತಿ ತಂದಿಟ್ಟಿದ್ದರೆ ಎಸೆಯೋಕೆ ಹೇಳಿ. ಕೆಲವು ಪುಡಿಗಳಲ್ಲಿ ಡೈಸಲ್ಫಿರಾಂ ಇರುತ್ತದೆ. ಅದು ವೈದ್ಯರು ಕೊಡುವ ಔಷಧಿಯೇ, ಆದರೆ ಅದು ಹೊಟ್ಟೆಯಲ್ಲಿದ್ದಾಗ ಕುಡಿದರೆ ವಾಂತಿ, ಎದೆ ಬಡಿತ, ಬಿಪಿ ಕುಸಿತ ಆಗುತ್ತದೆ. ಅದನ್ನು ತಿಂದಿದ್ದೇನೆ ಅಂತ ಗೊತ್ತಿಲ್ಲದ ಮನುಷ್ಯ ಸಂಜೆ ಎಂದಿನಂತೆ ಅಂಗಡಿಗೆ ಹೋಗಿಬಿಟ್ಟರೆ?

ಎಲ್ಲಿಗೆ ಕಳಿಸಬೇಕು ಅನ್ನೋದರಲ್ಲಿ ನಿಮಗೆ ಅನುಕೂಲವೇ ಇದೆ. ಧಾರವಾಡದ ಡಿಮ್ಹಾನ್ಸ್ ನಿಮ್ಮಿಂದ ಬಸ್ಸಿನಲ್ಲಿ ಹೋಗಿ ಬರುವಷ್ಟು ಹತ್ತಿರ. ಸರ್ಕಾರಿ ಮಾನಸಿಕ ಆರೋಗ್ಯ ಸಂಸ್ಥೆ, ಖರ್ಚು ಕಡಿಮೆ. ಬೇರೆ ಊರಿನ ಓದುಗರು ತಮ್ಮ ಜಿಲ್ಲಾ ಆಸ್ಪತ್ರೆಯ ಮನೋವೈದ್ಯಕೀಯ ವಿಭಾಗದಲ್ಲಿ ಕೇಳಬಹುದು. ಬೆಂಗಳೂರಿನವರಿಗೆ ನಿಮ್ಹಾನ್ಸಿನಲ್ಲಿ ವ್ಯಸನಕ್ಕೆಂದೇ ಬೇರೆ ಕೇಂದ್ರವಿದೆ. ಫೋನಿನಲ್ಲೇ ಮಾತಾಡಬೇಕು ಅಂದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿಮನಸ್ 14416, ವ್ಯಸನಮುಕ್ತಿ ಸಹಾಯವಾಣಿ 14446. ಮೊದಲನೆಯದರಲ್ಲಿ ಕನ್ನಡದಲ್ಲೇ ಮಾತಾಡಬಹುದು. ಧರ್ಮಸ್ಥಳದ ಯೋಜನೆಯವರು ಊರೂರಲ್ಲಿ ನಡೆಸುವ ಮದ್ಯವರ್ಜನ ಶಿಬಿರದಿಂದ ಬಿಟ್ಟವರೂ ತುಂಬಾ ಜನ ಇದ್ದಾರೆ, ಆದರೆ ಬೆಳಿಗ್ಗೆ ಕೈ ನಡುಗುವ, ಹಿಂದೆ ಫಿಟ್ಸ್ ಬಂದಿರುವ ಮನುಷ್ಯ ಮೊದಲು ವೈದ್ಯರಿಗೆ ತೋರಿಸಿಕೊಂಡೇ ಶಿಬಿರಕ್ಕೆ ಹೋಗಲಿ.

ಕೇಂದ್ರ ಸರ್ಕಾರಕ್ಕಾಗಿ ದೆಹಲಿಯ ಏಮ್ಸ್ ಮಾಡಿದ, 2019ರಲ್ಲಿ ಹೊರಬಂದ ಸಮೀಕ್ಷೆಯ ಒಂದು ಅಂಕಿ ಯಾವಾಗಲೂ ನನ್ನ ತಲೆಯಲ್ಲಿರುತ್ತದೆ. ಕುಡಿತಕ್ಕೆ ಅಂಟಿಕೊಂಡ 38 ಜನರಲ್ಲಿ ಒಬ್ಬರಿಗೆ ಮಾತ್ರ ಏನಾದರೂ ಚಿಕಿತ್ಸೆ ಸಿಕ್ಕಿದೆ. ಉಳಿದ 37 ಜನ ಎಲ್ಲಿದ್ದಾರೆ? ಬಹಳಷ್ಟು ಜನ ಎಲ್ಲೋ ಒಂದು ಕಡೆ ಕೆಲಸಕ್ಕೆ ಹೋಗುತ್ತಲೇ ಇದ್ದಾರೆ. ಅದಕ್ಕೇ ನಾನು ತೆಗೆಯಬೇಡಿ ಅನ್ನೋದು. ಹೆಂಡತಿಯ ಮಾತು ಕೇಳದವರು, ಅಣ್ಣತಮ್ಮಂದಿರ ಜೊತೆ ಮಾತು ಬಿಟ್ಟವರು ಕೂಡ ಕೆಲಸ ಹೋಗುತ್ತದೆ ಅಂದಾಗ ಆಸ್ಪತ್ರೆ ಮೆಟ್ಟಿಲು ಹತ್ತುತ್ತಾರೆ. ಆ ಹಿಡಿತ ಇವತ್ತು ನಿಮ್ಮ ಕೈಯಲ್ಲಿದೆ. ಲೆಕ್ಕ ಚುಕ್ತಾ ಮಾಡಿ ಕಳಿಸಿದ ದಿನ ಅದು ಹೋಗುತ್ತದೆ, ಆ ಚುಕ್ತಾ ದುಡ್ಡು ಎಲ್ಲಿಗೆ ಹೋಗುತ್ತದೆ ಅಂತ ನಿಮಗೂ ಗೊತ್ತು, ಅವರ ಹೆಂಡತಿಗೂ ಗೊತ್ತು. ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆ 1995ರಲ್ಲೇ ಇದಕ್ಕೊಂದು ಸಂಹಿತೆ ಮಾಡಿದೆ. ಇದನ್ನು ಆರೋಗ್ಯದ ಸಮಸ್ಯೆ ಅಂತ ನೋಡಿ, ಗುಟ್ಟು ಕಾಪಾಡಿ, ಚಿಕಿತ್ಸೆಗೆ ದಾರಿ ಮಾಡಿಕೊಡಿ ಅನ್ನುತ್ತದೆ. ಶಿಸ್ತು ಕ್ರಮ ಬೇಡವೇ ಬೇಡ ಅಂತ ಅದು ಹೇಳಲ್ಲ. ನಮ್ಮ 2017ರ ಮಾನಸಿಕ ಆರೋಗ್ಯ ಕಾಯ್ದೆ ಕೂಡ ಕುಡಿತ, ಡ್ರಗ್ಸ್‌ನಿಂದಾಗುವ ಮಾನಸಿಕ ಸಮಸ್ಯೆಯನ್ನು ಕಾಯಿಲೆಯ ಸಾಲಿಗೇ ಸೇರಿಸಿದೆ.

ಹಾಗಾಗಿ ಕಾಕಾಗೆ ಕೊಡುವ ಮಾತು ಹೀಗಿರಲಿ, ಬಾಯಲ್ಲೂ ಹೇಳಿ, ಕಾಗದದಲ್ಲೂ ಬರೆದುಕೊಡಿ: ಚಿಕಿತ್ಸೆಗೆ ಹೋಗಿ, ಕೆಲಸ ಇರುತ್ತದೆ. ಬಂದ ಮೇಲೆ ಮೂರು ತಿಂಗಳು ಪ್ರೆಸ್ ಇಲ್ಲ, ಸ್ಟೋರ್ಸ್ ಅಥವಾ ಇನ್‌ಸ್ಪೆಕ್ಷನ್ ಕೆಲಸ, ಸಂಬಳ ಅದೇ. ವೈದ್ಯರು ಫಿಟ್ ಅಂದ ಮೇಲೆ ಮತ್ತೆ ಮಷೀನ್. ಚಿಕಿತ್ಸೆಯೂ ಬೇಡ, ಕುಡಿದೇ ಬರುತ್ತೇನೆ ಅಂದರೆ ಮುಂದಿನ ಕ್ರಮ. ಆ ಕ್ರಮವನ್ನೂ ಸಿಟ್ಟಿನಲ್ಲಿ ಗೇಟ್ ಹತ್ತಿರ ಮಾಡಬೇಡಿ. ಆರೋಪ ಬರೆದು ಕೊಟ್ಟು, ಉತ್ತರ ಕೇಳಿ, ವಿಚಾರಣೆ ಮಾಡಿಯೇ ಮಾಡಬೇಕು, ಇಲ್ಲದಿದ್ದರೆ ಲೇಬರ್ ಕೋರ್ಟಿನಲ್ಲಿ ನಿಲ್ಲಲ್ಲ. ನಡುವೆ ಒಮ್ಮೆ ಜಾರಿ ಕುಡಿದರು ಅಂತ ತಕ್ಷಣ ಕೈಬಿಡಬೇಡಿ. ಮತ್ತೆ ಕುಡಿಯೋದು ಈ ಕಾಯಿಲೆಯಲ್ಲಿ ಸಾಮಾನ್ಯ. ಮಷೀನಿನಿಂದ ಇಳಿಸಿ ವಾಪಸ್ ವೈದ್ಯರ ಹತ್ತಿರ ಕಳಿಸಿ.

ಊದುವ ಮಷೀನ್ ತರಬಹುದು, ಆದರೆ ಅದರಿಂದ ಏನಾಗಲ್ಲ ಅಂತ ಮೊದಲು ತಿಳಿದಿರಲಿ. ಆ ಹೊತ್ತಿನಲ್ಲಿ ಮೈಯಲ್ಲಿ ಆಲ್ಕೋಹಾಲ್ ಇದೆಯಾ ಅಂತಷ್ಟೇ ಅದು ಹೇಳುತ್ತದೆ. ಗಾಂಜಾ ಹೇಳಲ್ಲ, ಮಾತ್ರೆ ಹೇಳಲ್ಲ, ಹಿಂದಿನ ರಾತ್ರಿ ನಿದ್ದೆ ಇಲ್ಲದೆ ಡಬಲ್ ಶಿಫ್ಟ್ ಮಾಡಿದವನ ತೂಕಡಿಕೆಯನ್ನೂ ಹೇಳಲ್ಲ. ರಸ್ತೆಯ ಕಾನೂನಿನಲ್ಲಿ 100 ಮಿ.ಲೀ. ರಕ್ತಕ್ಕೆ 30 ಮಿ.ಗ್ರಾಂ ಮಿತಿ ಇದೆ, ಪ್ರೆಸ್ ಮುಂದೆ ಆ ರಿಯಾಯಿತಿ ಬೇಡ, ಸೊನ್ನೆಯೇ ಇರಲಿ. ಊದಿಸುವುದಾದರೆ ಎಲ್ಲರೂ ಊದಬೇಕು, ಮೊದಲು ನೀವು. ಒಬ್ಬರನ್ನು ಮಾತ್ರ ನಿಲ್ಲಿಸಿ ಊದಿಸಿದರೆ ಅದು ತಪಾಸಣೆ ಆಗಲ್ಲ, ಅವಮಾನ ಆಗುತ್ತದೆ. ಆಗಷ್ಟೇ ಬಾಯಿ ಮುಕ್ಕಳಿಸುವ ಔಷಧಿ ಬಳಸಿದವರಿಗೂ ತಪ್ಪು ಅಂಕಿ ತೋರಿಸಬಹುದು, ಅದಕ್ಕೆ 15 ನಿಮಿಷ ಕೂರಿಸಿ ಮತ್ತೊಮ್ಮೆ ಊದಿಸಿ. ದೊಡ್ಡ ಕಾರ್ಖಾನೆಗಳಿಗೆ ಸ್ಥಾಯಿ ಆದೇಶಗಳು, ಅಂದರೆ ಕೆಲಸದ, ಶಿಸ್ತಿನ ಲಿಖಿತ ನಿಯಮಗಳು ಇರುತ್ತವೆ, 22 ಜನರ ಘಟಕಕ್ಕೆ ಅವು ಅನ್ವಯಿಸಲ್ಲ. ಹಾಗಾಗಿ ನಿಮ್ಮ ನಿಯಮವನ್ನು ನೀವೇ ಒಂದು ಪುಟದಲ್ಲಿ ಕನ್ನಡದಲ್ಲಿ ಬರೆದು, ಎಲ್ಲರಿಗೂ ಓದಿ ಹೇಳಿ, ಸಹಿ ಹಾಕಿಸಿಕೊಂಡು, ಟೈಮ್ ಆಫೀಸಿನ ಗೋಡೆಗೆ ಅಂಟಿಸಿ.

'ಕುಡಿದು ಪೆಟ್ಟಾದರೆ ಮಾಲೀಕರ ಜವಾಬ್ದಾರಿ ಇಲ್ಲ ಅಲ್ವಾ' ಅಂತಲೂ ಕೇಳಿದ್ದೀರಿ. ಅರ್ಧ ನಿಜ. 1923ರ ಪರಿಹಾರ ಕಾಯ್ದೆಯಲ್ಲೂ, ಈಗಿನ ಸಾಮಾಜಿಕ ಭದ್ರತಾ ಸಂಹಿತೆಯಲ್ಲೂ ಆ ವಿನಾಯಿತಿ ಇದೆ. ಆದರೆ ಸಾವು ಅಥವಾ ಶಾಶ್ವತ ಪೂರ್ಣ ಅಂಗವೈಕಲ್ಯ ಆದರೆ ಆ ವಿನಾಯಿತಿ ಸಿಗಲ್ಲ. ಪೆಟ್ಟಾದದ್ದು ಕುಡಿಯದ ಹೆಲ್ಪರ್ ಹುಡುಗನಿಗೆ ಅಂದರೆ ಆ ವಿನಾಯಿತಿಯ ಮಾತೇ ಬರಲ್ಲ.

ಇನ್ನು ಸ್ವಲ್ಪ ಖಾರವಾಗಿ ಹೇಳಬೇಕಾದ ಮಾತು. ಲಾರಿ ಲೋಡಿಂಗ್ ಇದ್ದ ರಾತ್ರಿ ಓಟಿ ಮುಗಿದ ಮೇಲೆ ಹುಡುಗರಿಗೆ 'ಖರ್ಚಿಗೆ' ಕೊಡೋದು ಅಪ್ಪನ ಕಾಲದ ರೂಢಿ ಅಂತ ಬರೆದಿದ್ದೀರಿ. ಖರ್ಚು ಅಂದರೆ ಏನು ಅಂತ ಇಬ್ಬರಿಗೂ ಗೊತ್ತು. ಆಯುಧ ಪೂಜೆಯ ಸಂಜೆಯ ಪಾರ್ಟಿಯೂ ಹಾಗೇ. ಹದಿನೆಂಟು ಹತ್ತೊಂಬತ್ತರ ಹುಡುಗರು ಮೊದಲ ಪೆಗ್ ಕುಡಿಯೋದು ಇಂಥ ಜಾಗದಲ್ಲೇ, ಹಿರಿಯರ ಕೈಯಿಂದಲೇ. ಅದನ್ನು ಈ ವರ್ಷ ನಿಲ್ಲಿಸಿ. ಓಟಿ ದುಡ್ಡನ್ನು ಕಾನೂನಿನ ಪ್ರಕಾರ ಎರಡು ಪಟ್ಟು ಲೆಕ್ಕ ಹಾಕಿ ಸಂಬಳದ ಜೊತೆ ಕೊಡಿ, ರಾತ್ರಿ ಬಿಸಿ ಊಟ ಕೊಡಿ, ಮನೆಗೆ ಬಿಡೋಕೆ ಗಾಡಿ ಕೊಡಿ. ಸತತ ಎರಡು ಶಿಫ್ಟ್ ಮಾಡಿಸಬೇಡಿ. ನಿದ್ದೆ ತಡೆಯೋಕೆ ಅಂತ ತಂಬಾಕು ಕೆಳತುಟಿಗೆ ಇಟ್ಟುಕೊಳ್ಳುವ ಹುಡುಗರು ನಿಮ್ಮಲ್ಲೂ ಇದ್ದೇ ಇರುತ್ತಾರೆ, ಅವರಿಗೆ ಬೇಕಾಗಿರೋದು ನಿದ್ದೆ. ಕಾಕಾ ಬರದ ದಿನ ಅವರ ಹಾಜರಿ ಹಾಕುವ, ಅವರ ಪೀಸುಗಳನ್ನು ತಾವು ಹೊಡೆದುಕೊಡುವ ಗೆಳೆಯರನ್ನು ಕೂರಿಸಿಕೊಂಡು, ಹೀಗೆ ಮುಚ್ಚಿಟ್ಟಷ್ಟೂ ಅವರು ವೈದ್ಯರ ಹತ್ತಿರ ಹೋಗೋದು ತಡವಾಗುತ್ತದೆ ಅಂತ ಹೇಳಿ. ಬೈಯಬೇಡಿ, ಅವರೂ ಪ್ರೀತಿಯಿಂದಲೇ ಮಾಡಿದ್ದು.

ಸಂಬಳದ ವಿಷಯ. ಹೆಂಡತಿಯ ಕಷ್ಟ ಅರ್ಥವಾಗುತ್ತದೆ. ಆದರೂ ದುಡಿದವರ ಸಂಬಳ ಅವರದೇ, ಅವರನ್ನು ಬಿಟ್ಟು ಬೇರೆಯವರ ಕೈಗೆ ಕೊಡೋಕೆ ಬರಲ್ಲ. ಗಂಡ ಹೆಂಡತಿ ಇಬ್ಬರ ಹೆಸರಿನ ಖಾತೆಗೆ ಹಾಕಿ ಅಂತ ಕಾಕಾ ತಾವಾಗಿ ಬರೆದುಕೊಟ್ಟರೆ ಹಾಕಿ. ಕುಡಿದಾಗ ಸಹಿ ಹಾಕಿಸಬೇಡಿ. ಅವರ ಹೆಂಡತಿಗೆ ಬೇಕಾಗಿರೋದು ಬರೀ ಸಂಬಳ ಅಲ್ಲ. ಡಿಮ್ಹಾನ್ಸಿಗೆ ಅವರೂ ಜೊತೆಗೆ ಹೋಗಲಿ, ಮನೆಯವರ ಜೊತೆಗೂ ಅಲ್ಲಿ ಮಾತಾಡುತ್ತಾರೆ.

ಹೋಗುವ ದಿನ ಆಧಾರ್, ರೇಷನ್ ಕಾರ್ಡ್, ಬಿಪಿ ಶುಗರ್ ಮಾತ್ರೆ ತಗೊಳ್ಳುತ್ತಿದ್ದರೆ ಆ ಚೀಟಿ ಜೊತೆಗಿರಲಿ. ಕಾಕಾಗೆ ಇಎಸ್‌ಐ (ಕಾರ್ಮಿಕರ ಸರ್ಕಾರಿ ವಿಮೆ) ಕಟ್ಟುತ್ತಿದ್ದರೆ ಆ ಕಾರ್ಡನ್ನೂ ಕೊಟ್ಟು ಕಳಿಸಿ, ಮೊದಲು ಇಎಸ್‌ಐ ವೈದ್ಯರನ್ನು ಕಂಡು ಚೀಟಿ ಬರೆಸಿಕೊಂಡರೆ ಒಳ್ಳೆಯದು. ಅವರು ರಜೆಯ ಸರ್ಟಿಫಿಕೇಟ್ ಕೊಟ್ಟರೆ ವರ್ಷಕ್ಕೆ 91 ದಿನದವರೆಗೆ ಕೂಲಿಯ 70% ಕಾಯಿಲೆ ಭತ್ಯೆ ಸಿಗುತ್ತದೆ, ಮನೆ ನಡೆಯುತ್ತದೆ. ಮೊದಲ ದಿನ ಸಾಧ್ಯವಾದರೆ ನೀವೇ ಕರೆದುಕೊಂಡು ಹೋಗಿ. ಬೆಳಿಗ್ಗೆ ಬೇಗ ಹೊರಡಿ, ಹೊರರೋಗಿ ಚೀಟಿಗೆ ಸಾಲು ಉದ್ದ ಇರುತ್ತದೆ.

— ಸಂಪಾದಕ